ಒಂದೇ ಕೊಂಬೆಯವರು

ನೆಲಕ್ಕೆ ನೆಟ್ಟ ಗೂಟವೊಂದು ತನ್ನ ಮುಂದೆ ಹರಿದುಹೋದ ಜೀವಿಯ ಕುಲ ಯಾವುದೆಂದು ಹೇಳುವುದಾದರೆ, ಮನುಷ್ಯ ಅದಕ್ಕೆ ಮೊದಲು ಒಪ್ಪಿಸುವ ಕೆಲಸ ಕಾವಲು. ಎಲೆಕುಂಟೆಯಲ್ಲಿ ಆದದ್ದೂ ಅದೇ.

ಒಂದು ಕಾಲಕ್ಕೆ ಕಡಲೆಕಾಯಿ ಬೆಳೆಯುತ್ತಿದ್ದ ಆ ಊರಿನ ಹೊಲಗಳೆಲ್ಲ ಈಗ ಸೌರಫಲಕಗಳ ಬಯಲಾಗಿದ್ದವು. ಕಣ್ಣು ಹಾಯುವಷ್ಟು ದೂರ ಕಪ್ಪು ಗಾಜು. ಫಲಕಗಳ ಕೆಳಗೆ ದಿನವಿಡೀ ನೆರಳು, ಅವನ್ನು ತೊಳೆದ ನೀರಿನ ತೇವ. ಆ ಬಿಸಿಲುನಾಡಿನಲ್ಲಿ ಅಷ್ಟು ತಂಪು ಸಿಕ್ಕರೆ ಯಾವ ಜೀವ ಬಿಟ್ಟೀತು? ಕಪ್ಪೆ ಬಂದವು, ಇಲಿ ಬಂದವು, ಅವುಗಳ ಬೆನ್ನಿಗೆ ಹಾವುಗಳು ಬಂದವು. ಫಲಕ ತೊಳೆಯುವ ಹೆಂಗಸರು ಒಬ್ಬೊಬ್ಬರಾಗಿ ಕಚ್ಚಿಸಿಕೊಂಡರು. ಆಮೇಲೆ ಸರ್ಕಾರ ಊರನ್ನೂ ಬಯಲನ್ನೂ ಸುತ್ತುವರಿದು ಕಾವಲುಗೂಟಗಳ ಸಾಲು ನೆಡಿಸಿತು.

ಗೂಟ ಮೊಣಕಾಲೆತ್ತರದ್ದು. ಅದರ ಬುಡದಲ್ಲಿರುವ ಸಣ್ಣ ಬಾಯಿ ಸುತ್ತಲಿನ ಧೂಳನ್ನು ಸದಾ ಎಳೆದುಕೊಳ್ಳುತ್ತಿರುತ್ತದೆ. ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುವ ಯಾವ ಪ್ರಾಣಿಯೇ ಆಗಲಿ, ಒಂದಷ್ಟು ಚರ್ಮದ ಹುಡಿಯನ್ನು ಉದುರಿಸದೆ ಹೋಗದು. ಆ ಹುಡಿಯಲ್ಲಿರುವ ಡಿಎನ್‌ಎ ಚೂರನ್ನು ಗೂಟ ಓದುತ್ತದೆ. ಜೀವಿಗಳ ವಂಶವೃಕ್ಷದಲ್ಲಿ ತಡೆಯಬೇಕಾದ ಕೊಂಬೆಯದು ಎಂದು ತಿಳಿದರೆ ಒಂದು ವಾಸನೆಯನ್ನು ಬಿಡುತ್ತದೆ. ನಮ್ಮ ಮೂಗಿಗೆ ಹತ್ತದ ಆ ವಾಸನೆ ನಾಲಗೆಯಿಂದ ಗಾಳಿ ನೆಕ್ಕುವ ಪ್ರಾಣಿಗೆ ಬೆಂಕಿಯಂತೆ. ಬಂದ ದಾರಿಗೇ ತಿರುಗಿಬಿಡುತ್ತದೆ. ಯಾವ ಕೊಂಬೆಯನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಮಾತ್ರ ಗೂಟಕ್ಕೆ ತಾನಾಗಿ ತಿಳಿಯದು. ಅದನ್ನು ಬಯಲಿನ ಅಂಚಿನಲ್ಲಿದ್ದ ನಿಯಂತ್ರಣ ಕೊಠಡಿಯಿಂದ ಹೇಳಬೇಕು. ಹೇಳುವವಳು ವನಜಾಕ್ಷಿ.

ಅವಳು ಅದೇ ಊರಿನವಳು. ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಸರೀಸೃಪಗಳ ವರ್ಗೀಕರಣದಲ್ಲೇ ಪದವಿ ಪಡೆದು, ಅಕ್ಕ ಅಂಜನಮ್ಮನ ಮನೆಗೆ ಹಿಂದಿರುಗಿದ್ದಳು. ಕೊಠಡಿಯ ಗೋಡೆಯ ತುಂಬ ಹರಡಿದ ದೊಡ್ಡ ಪರದೆಯ ಮೇಲೆ ಸರೀಸೃಪಗಳ ವಂಶವೃಕ್ಷ ಬೆಳಗುತ್ತಿತ್ತು. ಬುಡದಲ್ಲೇ ಕವಲೊಡೆದ ಒಂದು ಕಡೆ ಆಮೆ, ಮೊಸಳೆ, ಅವುಗಳ ಜೊತೆಗೇ ಹಕ್ಕಿಗಳು. ಇನ್ನೊಂದು ಕಡೆ ಮೊದಲಿಗೆ ನ್ಯೂಜಿಲೆಂಡಿನ ಒಂಟಿ ಪ್ರಾಣಿ, ನೋಡಲು ಹಲ್ಲಿಯಂತೆಯೇ ಇದ್ದು ಹಲ್ಲಿಗಳ ಲೆಕ್ಕಕ್ಕೆ ಸೇರದ್ದು. ಅದರಾಚೆ ಗೋಡೆಯ ಹಲ್ಲಿಗಳು, ಹಾವುರಾಣಿಗಳು. ಕೊನೆಗೆ ಒಂದೇ ಬುಡದಿಂದ ಚಿಮ್ಮಿದ ಮೂರು ರೆಂಬೆಗಳು. ಒಂದರಲ್ಲಿ ಓತಿಕ್ಯಾತ ಮತ್ತು ಗೋಸುಂಬೆ, ಇನ್ನೊಂದರಲ್ಲಿ ಉಡ, ಮೂರನೆಯದರಲ್ಲಿ ಹಾವುಗಳು.

ಅದನ್ನು ಮೊದಲು ಕಂಡವರಿಗೆ ನಂಬಿಕೆ ಬರುತ್ತಿರಲಿಲ್ಲ. ಒಂದು ಸಂಜೆ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಅಕ್ಕನ ಮಗಳು ಪಾವನಿ ಕೇಳಿದ್ದಳು:

"ಚಿಕ್ಕಮ್ಮ, ಹಾವಿಗೆ ಕಾಲಿಲ್ಲ. ಓತಿಕ್ಯಾತಕ್ಕೆ ನಾಕು ಐತೆ. ಅವೆಂಗೆ ನೆಂಟ್ರಾಗ್ತವೆ?"

"ಕಾಲು ನೋಡಿ ನೆಂಟಸ್ತನ ಹೇಳಕ್ಕಾಗಲ್ಲ ಪುಟ್ಟಿ. ಹಾವೂ ಒಂದು ಕಾಲಕ್ಕೆ ಹಲ್ಲಿ ಥರದ್ದೇ. ಬಿಲದಲ್ಲೋ ನೀರಲ್ಲೋ ಬದುಕ್ತಾ ಬದುಕ್ತಾ ಕಾಲು ಕಳ್ಕಂತು. ನಮ್ ಗೋಡೆ ಹಲ್ಲಿಗಿಂತ ಹಾವೇ ಓತಿಕ್ಯಾತಕ್ಕೆ ಹತ್ತಿರದ್ದು."

"ಮತ್ತೆ ಮೊಸಳೆ?"

"ಮೊಸಳೆಗೆ ಹಲ್ಲಿಗಿಂತ ಕೋಳಿ ಹತ್ತಿರ."

ಒಲೆಯ ಹತ್ತಿರದಿಂದ ಅಂಜನಮ್ಮ ನಕ್ಕಿದ್ದಳು. "ಹಂಗಾರೆ ಹೋದ ಹಬ್ಬಕ್ಕೆ ನಾನು ಮಾಡಿದ್ದು ಮೊಸಳೆ ಸಾರೇನೇ? ಮುದ್ದೆ ಜೊತೆ ಎಲ್ಲಾ ಚಪ್ಪರಿಸಿದ್ರಿ."

ಅದು ಲೋಹಿತ ಇದ್ದಾಗಿನ ಮಾತು. ಪಾವನಿಯ ತಮ್ಮ ಲೋಹಿತನೂ ಆ ಜಗಲಿಯಲ್ಲಿ ಕುಳಿತು, ಸುಲಿದ ಕಾಳನ್ನು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಗೂಟಗಳು ಬಂದ ಮೇಲೆ ಊರಿನ ಯಾರಿಗೂ ಹಾವು ಕಚ್ಚಿರಲಿಲ್ಲ. ಜನ ದೀಪವಿಲ್ಲದೆ ಹಿತ್ತಲಿಗೆ ಹೋಗುವುದನ್ನು ಕಲಿತರು. ಸೌದೆಯ ರಾಶಿಗೆ ನೋಡದೆ ಕೈ ಹಾಕಿದರು. ಇಲಿ ಹೆಚ್ಚಿದವೆಂದು ಬೆಕ್ಕು ತಂದು ಸಾಕಿದರು. ಒಂದು ಬೇಸಿಗೆಯಲ್ಲಿ, ಜಗಲಿಯ ಚಾಪೆಯ ಮೇಲೆ ಮಲಗಿದ್ದ ಲೋಹಿತ ಬೆಳಗ್ಗೆ ಕಣ್ಣು ತೆರೆಯಲಾರದೆ ಎದ್ದ. ರೆಪ್ಪೆಗಳು ಜೋಲುತ್ತಿದ್ದವು, ಮಾತು ತೊದಲುತ್ತಿತ್ತು. ಕಚ್ಚಿದ ಗುರುತು ಹುಡುಕಿದರೂ ಕಾಣಲಿಲ್ಲ. ಕಟ್ಟುಹಾವಿನ ಹಲ್ಲು ಸೊಳ್ಳೆ ಕಡಿದಷ್ಟೂ ಗುರುತು ಬಿಡುವುದಿಲ್ಲ. ಹಾವಿಲ್ಲದ ಊರಿನಲ್ಲಿ ಹಾವೆಂದು ಯಾರಿಗೆ ಹೊಳೆಯಬೇಕು? ಹೊಳೆಯುವ ಹೊತ್ತಿಗೆ ಹುಡುಗನ ಉಸಿರು ನಿಂತಿತ್ತು.

ಗೂಟಗಳ ದಾಖಲೆಯನ್ನು ವನಜಾಕ್ಷಿ ತೆಗೆದು ನೋಡಿದಳು. ಪಡುವಣ ಸಾಲಿನ ಗೂಟವೊಂದರ ಮುಂದೆ ಏನೋ ಹಾದುಹೋಗಿತ್ತು. ಗೂಟ ಅದನ್ನು ಓದಲು ನೋಡಿ, 'ಗುರುತು ಸಿಗಲಿಲ್ಲ' ಎಂದು ಬರೆದು ದಾರಿ ಬಿಟ್ಟಿತ್ತು. ಕಾರಣ ಸರಳ. ಹಾವುಗಳಿಗೆ ಮಾತ್ರ ಇರುವ ಗುರುತಿನ ಚೂರು ಬಲು ನಾಜೂಕು. ಬೇಸಿಗೆಯ ನೆಲದ ಕಾವಿಗೆ ಮುರಿದುಹೋಗುತ್ತದೆ. ಬಿಸಿಲಿಗೂ ಮುರಿಯದೆ ಉಳಿಯುವ ಗಟ್ಟಿ ಚೂರೊಂದಿತ್ತು ನಿಜ. ಆದರೆ ಅದು ಒಂದೇ ಬುಡದ ಆ ಮೂರೂ ರೆಂಬೆಗಳಿಗೆ ಸೇರಿದ್ದು. ಹಾವಿಗೂ ಅದೇ, ಉಡಕ್ಕೂ ಅದೇ, ಓತಿಕ್ಯಾತಕ್ಕೂ ಅದೇ.

ಮಗುವನ್ನು ಮಣ್ಣು ಮಾಡಿ ಬಂದ ಸಂಜೆ ಅಂಜನಮ್ಮ ತಂಗಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಗಂಡ ನೀರಿನ ಟ್ಯಾಂಕರು ಓಡಿಸುವವನು, ಹೊರಗೆ ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

"ನಿನ್ ಮರ ನನಗೆ ಬ್ಯಾಡ, ನಿನ್ ಓದು ಬ್ಯಾಡ. ನನಗೊಂದು ಮಾತು ಕೊಡು. ನನ್ ಮಗಳಿರೋ ಈ ಊರೊಳಕ್ಕೆ ಇನ್ನೊಂದು ಹಾವು ಬರಬಾರ್ದು."

"ಬರಲ್ಲ ಅಕ್ಕ. ನಾನಿರೋವರೆಗೂ ಬರಲ್ಲ."

ಮರುದಿನ ವನಜಾಕ್ಷಿ ಪರದೆಯ ಮೇಲಿನ ತಡೆಯ ಗುರುತನ್ನು ಹಾವಿನ ರೆಂಬೆಯಿಂದ ಕೆಳಕ್ಕೆ ಇಳಿಸಿ, ಮೂರು ರೆಂಬೆಗಳು ಕೂಡುವ ಬುಡಕ್ಕೆ ಇಟ್ಟಳು. ಇನ್ನು ಆ ಗಟ್ಟಿ ಚೂರು ಸಿಕ್ಕರೆ ಸಾಕು, ಮೂರರಲ್ಲಿ ಯಾವುದೇ ಆಗಲಿ, ಗೂಟ ತಡೆಯುತ್ತದೆ. ವರ್ಗೀಕರಣ ಓದಿದವರಷ್ಟೇ ಮಾಡಬಹುದಾದ ತಪ್ಪು ಅದು. ಒಂದೇ ಬುಡದವು ಎಂಬುದು ಸತ್ಯ. ಒಂದೇ ಬುಡದವಾದ್ದರಿಂದ ಒಂದೇ ಬಾಗಿಲಲ್ಲಿ ತಡೆಯಬಹುದು ಎಂದು ಅವಳ ಮನಸ್ಸು ಹೇಳಿತು, ಆ ದುಃಖದಲ್ಲಿ ಅದೂ ಸತ್ಯವೆಂದೇ ತೋರಿತು. ಜೊತೆಗೆ ಕೆಲಸ ಮಾಡುತ್ತಿದ್ದ ಫರ್ಜಾನಾ ಕೇಳಿದ್ದಳು, "ಉಡಗಳ ಗತಿ ಏನು ಮೇಡಂ? ಪಾಪ, ಅವೇನು ಮಾಡಿದ್ವು?" "ಹೊರಗೆ ಬದುಕ್ತವೆ ಬಿಡು. ಕಾಡೇನು ಕಮ್ಮಿಯಾ?" ಎಂದಿದ್ದಳು ವನಜಾಕ್ಷಿ. ಮುಖ್ಯಾಧಿಕಾರಿ ಜಯಸಿಂಹ ಅವಳನ್ನು ಎಲ್ಲರೆದುರು ಹೊಗಳಿದರು. ಗೂಟಗಳು ಅಂದಿನಿಂದ ಒಂದು ಹಾವನ್ನೂ ಒಳಗೆ ಬಿಡಲಿಲ್ಲ.

ಊರಿಗೆ ಬದಲಾವಣೆ ತಟ್ಟನೆ ತಿಳಿಯಲಿಲ್ಲ. ಆಹಾರಕ್ಕೋ ಮೊಟ್ಟೆ ಇಡುವುದಕ್ಕೋ ಸಾಲಿನಾಚೆಗೆ ಹೋದ ಉಡಗಳು ಹಿಂದಿರುಗಲಾರದೆ ಆಚೆಯೇ ಉಳಿದವು. ಬೇಲಿಯ ಕಲ್ಲಿನ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತಗಳು ಒಂದೊಂದಾಗಿ ಕಾಣೆಯಾದವು. ಕಲ್ಲು ಹೊಡೆಯಲು ಏನೂ ಸಿಗದ ಹುಡುಗರು ಮೊದಲು ಬೇಜಾರು ಪಟ್ಟರು, ಆಮೇಲೆ ಮರೆತರು. ಫಲಕ ತೊಳೆಯುವ ಮಾರಕ್ಕ ಒಮ್ಮೆ ತಮಾಷೆ ಮಾಡಿದ್ದಳು. "ನಿಮ್ ಗೂಟದಿಂದ ನಮ್ಮಾವನ ಬಾಯಿ ಕೆಟ್ಟೋಗೈತೆ ಕಣವ್ವ. ಉಡ ತಿಂದು ಒಂದು ವರ್ಸ ಆಯ್ತಂತೆ, ಸೊಂಟ ನೋವು ಅಂತಾ ಕುಂತವ್ನೆ." ಮಾರಕ್ಕನ ಮನೆ ಅಂಜನಮ್ಮನ ಮನೆಗೆ ಅಂಟಿಕೊಂಡಂತೆಯೇ ಇತ್ತು. ಅವಳ ಮಗ ಓಬಳೇಶ, ಎಲ್ಲರ ಬಾಯಲ್ಲಿ ಓಬಿ, ಲೋಹಿತನ ಓರಗೆಯವನು.

ಫಲಕಗಳ ಕೆಳಗಿನ ತಂಪಿನಲ್ಲಿ ಕೆಂಪು ಚೇಳುಗಳು ಹೆಚ್ಚುತ್ತಿದ್ದುದನ್ನು ತೊಳೆಯುವವರು ಕಂಡಿದ್ದರು. ಕಾಲಿಗೆ ಬೂಟು ಹಾಕಿಕೊಂಡರು, ಕಂಡಾಗ ಕೊಂದರು. ಚೇಳನ್ನು ಬಿಲದಿಂದ ಕೆದರಿ ತೆಗೆದು ನುಂಗುತ್ತಿದ್ದುದು ಉಡ, ಮರಿಗಳನ್ನು ಹೆಕ್ಕುತ್ತಿದ್ದುದು ಓತಿಕ್ಯಾತ ಎಂಬುದನ್ನು ಯಾರೂ ನೆನೆಯಲಿಲ್ಲ. ನೆನೆಯಬೇಕಾದವಳು ಪರದೆಯ ಮುಂದೆ ಕುಳಿತು ಹಾವಿನ ಅಂಕಣದಲ್ಲಿ ಸೊನ್ನೆಯನ್ನು ನೋಡುತ್ತಿದ್ದಳು.

ನಾಗರ ಪಂಚಮಿ ಬಂತು.

ಎಲೆಕುಂಟೆಯಲ್ಲಿ ಹಾವಿಲ್ಲದಿದ್ದರೂ ಹುತ್ತವಿತ್ತು. ಊರ ಹೊರಗಿನ ಬೇವಿನ ಮರದಡಿ ಆಳೆತ್ತರ ಬೆಳೆದ ಹಳೆಯ ಹುತ್ತ. ಸೌರಬಯಲು ಮಾಡುವಾಗಲೂ ಯಂತ್ರದವರು ಅದನ್ನು ಮುಟ್ಟಲು ಒಪ್ಪದೆ ಫಲಕದ ಸಾಲನ್ನೇ ಬಳಸಿ ಒಯ್ದಿದ್ದರು. ಪ್ರತಿವರ್ಷ ಹೆಂಗಸರು ಅದಕ್ಕೆ ತನಿ ಎರೆಯುತ್ತಿದ್ದರು. ಖಾಲಿ ಹುತ್ತಕ್ಕೆ ಹಾಲೇಕೆ ಎಂದು ಯಾರೂ ಕೇಳಿರಲಿಲ್ಲ. ಹಬ್ಬ ಹಾವಿಗಾಗಿಯಷ್ಟೇ ಅಲ್ಲ, ಊರಿಗಾಗಿಯೂ ನಡೆಯುತ್ತದೆ.

ಲೋಹಿತ ಹೋದ ಮೇಲೆ ಅಂಜನಮ್ಮ ಹುತ್ತದ ಕಡೆ ತಲೆ ಹಾಕಿರಲಿಲ್ಲ. ಈ ಸಲ ಮಾರಕ್ಕ ಬಾಗಿಲಿಗೇ ಬಂದಳು.

"ಬಾ ಕಣಕ್ಕ. ಹಗೆ ಇಟ್ಕಂಡ್ರೆ ನಮ್ಮೊಳಗೇ ವಿಷ ಸೇರ್ಕಂತದೆ. ಪಾವನಿ ಹಣೆಗೆ ಒಂಚೂರು ಹುತ್ತದ ಮಣ್ಣು ಹಚ್ಕಂಡು ಬಂದ್ಬುಡಾಣ."

"ಅದಕ್ಕೆ ನಾನ್ಯಾಕೆ ಹಾಲು ಹಾಕ್ಲಿ ಮಾರಿ? ನನ್ ಹಾಲು ಕುಡಿದವನ್ನೇ ತಿಂದು ಹೋಯ್ತು."

"ಅದಕ್ಕಲ್ಲ, ನಿನಗೆ. ಬಾ."

ಅಂಜನಮ್ಮ ಹೋದಳು. ವನಜಾಕ್ಷಿಯೂ ರಜೆ ಹಾಕಿ ಜೊತೆಗೆ ನಡೆದಳು. ಚಿಗಳಿ, ತಂಬಿಟ್ಟು, ಅರಿಶಿನದ ದಾರ. ಬಿಸಿಲು ಏರುವ ಮೊದಲೇ ಹುತ್ತದ ಸುತ್ತ ಹೆಂಗಸರು ಮಕ್ಕಳು ಸೇರಿದ್ದರು. ಅಂಜನಮ್ಮ ತಂಬಿಗೆ ಎತ್ತಿ ಹುತ್ತದ ಬಾಯಿಗೆ ಹಾಲು ಬಗ್ಗಿಸಿದಳು. ಬಗ್ಗಿಸುತ್ತಾ ಅವಳ ತುಟಿ ಅಲುಗಿತು. ಬೈದಳೋ ಬೇಡಿದಳೋ ತಂಗಿಗೆ ಕೇಳಿಸಲಿಲ್ಲ.

ಹಾಲು ಒಳಗಿಳಿದ ಸ್ವಲ್ಪ ಹೊತ್ತಿಗೆ ಹುತ್ತದ ಬೇರೆ ಬೇರೆ ಬಾಯಿಗಳಲ್ಲಿ ಕೆಂಪಗೆ ಏನೋ ಮಿಸುಕಿತು. ಮೊದಲು ಒಂದು, ಆಮೇಲೆ ಸಾಲುಸಾಲು. ಬೆನ್ನ ಮೇಲೆ ಮರಿ ಹೊತ್ತ ಚೇಳುಗಳು, ಕೊಂಡಿ ಎತ್ತಿದ ಚೇಳುಗಳು, ಒದ್ದೆಯಾದ ಗೂಡು ಬಿಟ್ಟು ಬೆಳಕಿಗೆ ಓಡಿಬರುತ್ತಿದ್ದವು. ಹಾವು ಉಡಗಳು ಬಿಟ್ಟುಹೋದ ಕೋಣೆಗಳನ್ನೆಲ್ಲ ಅವು ತುಂಬಿಕೊಂಡಿದ್ದವು.

"ಮಕ್ಕಳನ್ನ ಎತ್ಕಳ್ಳಿ!" ಎಂದು ಯಾರೋ ಕಿರುಚಿದರು. ಅಂಜನಮ್ಮ ತಂಬಿಗೆ ಎಸೆದು ಪಾವನಿಯನ್ನು ಬಾಚಿಕೊಂಡಳು. ಹುತ್ತದ ಹಿಂಬದಿಯಲ್ಲಿ ಓಬಿ ಎಲ್ಲರಿಗಿಂತ ಮೊದಲು ಮಣ್ಣು ತೆಗೆಯಬೇಕೆಂದು ಕಿಂಡಿಯೊಳಗೆ ಕೈ ಹಾಕಿದ್ದ. ಅವನು ಕೂಗಲಿಲ್ಲ. ಕೈಯನ್ನು ಎಳೆದುಕೊಂಡು, ಅದನ್ನೇ ನೋಡುತ್ತಾ, "ಅಮ್ಮೋ, ಉರೀತೈತೆ" ಎಂದ.

ಪಟ್ಟಣದ ಆಸ್ಪತ್ರೆಯಲ್ಲಿ ಔಷಧ ಕೊಟ್ಟರು. ಮೊದಲು ಬೆವರಿದ, ವಾಂತಿ ಮಾಡಿದ, ಆಮೇಲೆ ಕೈಕಾಲು ಹಿಮದಂತೆ ತಣ್ಣಗಾದವು. ಎದೆ ಕುದುರೆಯಂತೆ ಓಡಿತು. ಮರುದಿನ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು. ಒಂದಕ್ಕಿಂತ ಹೆಚ್ಚು ಕಡೆ ಕುಟುಕಿದೆ, ಸಣ್ಣ ಮೈ ತಾಳಲಿಲ್ಲ ಎಂದರು ಡಾಕ್ಟರು. ಮಾರಕ್ಕ ಮಗನನ್ನು ತನ್ನ ಸೆರಗಿನಲ್ಲೇ ಸುತ್ತಿಕೊಂಡು ಊರಿಗೆ ಬಂದಳು.

ವನಜಾಕ್ಷಿ ಕೊಠಡಿಗೆ ಹೋಗಿ ಪರದೆಯ ಮುಂದೆ ಕುಳಿತಳು. ಗೂಟಗಳು ತಡೆದ ಪ್ರಾಣಿಗಳ ಓದುಗಳನ್ನೆಲ್ಲ ಮೊದಲ ಬಾರಿಗೆ ರೆಂಬೆ ರೆಂಬೆಯಾಗಿ ಬಿಡಿಸಿ ನೋಡಿದಳು. ತಡೆದದ್ದರಲ್ಲಿ ಹಾವು ಅಷ್ಟಿಷ್ಟೇ. ಉಳಿದುದೆಲ್ಲ ಉಡ, ಓತಿಕ್ಯಾತ. ಒಂದೇ ಗೂಟದ ಮುಂದೆ ಅದೇ ಉಡ ಮತ್ತೆ ಮತ್ತೆ ಬಂದು ಹಿಂದಿರುಗಿತ್ತು. ಬಹುಶಃ ಅದರ ಬಿಲ ಒಳಗಿತ್ತು.

ಫರ್ಜಾನಾ ಹತ್ತಿರ ಬಂದು ನಿಂತಳು. "ಮೇಡಂ, ಹಾವಿನ ಗುರುತು, ಮೂರಕ್ಕೂ ಸೇರಿದ ಗುರುತು, ಎರಡೂ ಒಟ್ಟಿಗೆ ಇಟ್ಟು ನೋಡಕ್ಕಾಗಲ್ವಾ? ಉಡ ಅಂತ ಗೊತ್ತಾದ್ರೆ ಬಿಡೋದು?"

"ತಂಪು ಹೊತ್ತಲ್ಲಿ ಗೊತ್ತಾಗುತ್ತೆ. ಬಿಸಿಲಿಗೆ ಸುಟ್ಟ ಧೂಳಲ್ಲಿ ಉಳಿಯೋದು ಗಟ್ಟಿ ಚೂರೊಂದೇ. ಅದು ಮೂರೂ ಒಂದೇ ಅನ್ನುತ್ತೆ, ಅಷ್ಟೆ. ಹಂಗಿದ್ದಾಗ ಬಿಡ್ಬೇಕೋ ತಡೀಬೇಕೋ ಅನ್ನೋದನ್ನ ನಾವೇ ಹೇಳ್ಬೇಕು."

"ಬಿಟ್ರೆ?"

"ಉಡಾನೂ ಬರುತ್ತೆ. ಕಟ್ಟುಹಾವೂ ಬರಬಹುದು."

ವನಜಾಕ್ಷಿ ಹೋಗಿ ಹೇಳಿದ್ದನ್ನೆಲ್ಲ ಜಯಸಿಂಹ ತಾಳ್ಮೆಯಿಂದ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಓಬಿಯ ಅಂತ್ಯಕ್ರಿಯೆಗೂ ಬಂದಿದ್ದರು. "ನೋಡಿ ವನಜಾಕ್ಷಿ, ನಮ್ಮದು ಸರೀಸೃಪ ನಿಯಂತ್ರಣ ವಿಭಾಗ. ಚೇಳು ಸರೀಸೃಪ ಅಲ್ಲ, ಜೇಡದ ಕಡೆಯದು. ಅದು ಕುಟುಕಿ ಆದ ಸಾವು ನಮ್ಮ ವ್ಯಾಪ್ತಿಗೆ ಬರೋದೇ ಇಲ್ಲ. ನಮ್ಮ ಲೆಕ್ಕದಲ್ಲಿ ಈ ಊರು ರಾಜ್ಯಕ್ಕೇ ಮಾದರಿ."

"ಆ ಹುಡುಗನ್ನ ಯಾರ ಲೆಕ್ಕಕ್ಕೆ ಸೇರಿಸೋದು ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗುರುತು ಎಲ್ಲಿಡಬೇಕು ಅನ್ನೋ ಅಧಿಕಾರ ವೃಕ್ಷದ ಉಸ್ತುವಾರಿಗೆ ಇದೆ. ಅಂದ್ರೆ ನಿಮಗೆ. ನಾನು ಅಡ್ಡ ಬರೋದಿಲ್ಲ. ಆದರೆ ನಾಳೆ ಒಂದು ಹಾವು ಕಚ್ಚಿದರೆ ನಿಮ್ಮ ಜೊತೆ ನಿಲ್ಲೋದಕ್ಕೂ ನನ್ನಿಂದ ಆಗಲ್ಲ."

ಅದು ಅವಳಿಗೆ ದೊಡ್ಡ ಭಯವಾಗಿರಲಿಲ್ಲ. ಕೈಯ ಒಂದು ಚಲನೆಯಲ್ಲಿ ಗುರುತನ್ನು ಮೇಲೆತ್ತಬಹುದಿತ್ತು. ಎತ್ತಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ಕೈಯಿಂದ ಅಕ್ಕ ಹಿಡಿದು ಕೇಳಿದ ಮಾತು ಅವಳ ಮಣಿಕಟ್ಟಿನಲ್ಲೇ ಉಳಿದಿತ್ತು.

ಮನೆಗೆ ಹೋಗಿ, ಮುದ್ದೆ ತೊಳಸುತ್ತಿದ್ದ ಅಕ್ಕನ ಬೆನ್ನಿಗೆ ಎಲ್ಲವನ್ನೂ ಹೇಳಿದಳು. ಉಡ ಬಂದರೆ ಚೇಳು ಇಳಿಯುತ್ತದೆ, ಉಡಕ್ಕೆ ಬಾಗಿಲು ತೆರೆದರೆ ಹಾವಿಗೂ ಸಂದು ಬೀಳುತ್ತದೆ. ಅಂಜನಮ್ಮ ಕೋಲು ನಿಲ್ಲಿಸದೆ ಕೇಳಿದಳು.

"ಪಾವನೀನ ಚೇಳಿಂದ ನಾನು ಕಾಯ್ತೀನಿ. ಮನೆಯೆಲ್ಲಾ ಗುಡಿಸ್ತೀನಿ, ಹಾಸಿಗೆ ಕೊಡವ್ತೀನಿ, ಬೂಟು ಹಾಕಿಸ್ತೀನಿ. ಚೇಳು ಕಣ್ಣಿಗೆ ಕಾಣ್ತದೆ. ಅದು ಕಾಣಲ್ಲ ಕಣೇ. ಅದು ಬಂದು ಮಗೂ ಪಕ್ಕ ಬೆಚ್ಚಗೆ ಮಲಿಕ್ಕಂಡು ಹೋಗ್ತದೆ."

"ಎಲ್ಲರ ಮಕ್ಕಳನ್ನೂ ಕಾಯಕ್ಕಾಗಲ್ಲ ಅಕ್ಕ. ಓಬಿ..."

"ಓಬಿ ಹೆಸರು ಎತ್ತಬ್ಯಾಡ!" ಅವಳು ತಿರುಗಿದಳು. ಮುಖ ಒಲೆಯ ಕಾವಿಗೆ ಕೆಂಪಾಗಿತ್ತು. "ನಾನು ಎತ್ತಿ ಆಡ್ಸಿದ ಕೂಸು ಅದು. ನನ್ ಕೈಯಾರೆ ಹಾಲು ಹುಯ್ದು ಎಬ್ಬಿಸ್ದೆ ಆ ಚೇಳುಗಳನ್ನ. ಅದು ನನಗೆ ಗೊತ್ತಿಲ್ವಾ? ಆದ್ರೂ ಹೇಳ್ತೀನಿ, ತೆರೀಬ್ಯಾಡ. ನೀನು ಮಾತು ಕೊಟ್ಟಿದ್ದೀಯ."

ಅಂಜನಮ್ಮನದು ಉಡದ ಪಟ್ಟು ಎಂದು ಊರೇ ಹೇಳುತ್ತಿತ್ತು. ವನಜಾಕ್ಷಿ ಮತ್ತೆ ಮಾತೆತ್ತಲಿಲ್ಲ. ಆಮೇಲೆ ಮನೆಯಲ್ಲಿ ಇಬ್ಬರೂ ಪಾವನಿಯ ಮೂಲಕವೇ ಮಾತಾಡಿದರು. "ನಿಮ್ ಚಿಕ್ಕಮ್ಮನಿಗೆ ಉಂಬಕ್ಕೆ ಹೇಳು." "ನನಗೆ ಹಸಿವಿಲ್ಲ ಅಂತ ನಿಮ್ಮಮ್ಮನಿಗೆ ಹೇಳು." ಪಾವನಿ ಇಬ್ಬರ ಮುಖವನ್ನೂ ನೋಡಿ ತನ್ನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದಳು.

ಓಬಿಯ ತಿಥಿಯ ದಿನ ಅಂಜನಮ್ಮ ಪಕ್ಕದ ಮನೆಗೆ ಅಡುಗೆಗೆ ನಿಂತಳು. ನೆಂಟರು ಉಂಡು ಹೊರಟ ಮೇಲೆ ಪಾತ್ರೆ ಬೆಳಗಲು ಹಿತ್ತಲಿಗೆ ಬಂದವಳಿಗೆ, ಕಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದ ಮಾರಕ್ಕ ಕಂಡಳು. ವನಜಾಕ್ಷಿ ನೀರು ಸೇದುತ್ತಿದ್ದಳು, ಅವರ ಮಾತು ಅವಳಿಗೂ ಕೇಳುತ್ತಿತ್ತು.

"ಬೈಯೇ ನನ್ನ," ಎಂದಳು ಅಂಜನಮ್ಮ. "ಸುಮ್ನೆ ಕೂರಬ್ಯಾಡ. ಹಾಲು ಹಾಕಿದ್ದು ನಾನು."

"ಕರ್ಕೊಂಡು ಹೋಗಿದ್ದು ನಾನಲ್ವಾ."

ಅಂಜನಮ್ಮ ಬೂದಿ ಹಚ್ಚಿ ಪಾತ್ರೆ ಉಜ್ಜಿದಳು.

"ಲೋಹಿತ ಹೋದಾಗ," ಮಾರಕ್ಕ ನಿಧಾನವಾಗಿ ಹೇಳಿದಳು, "ನಿನ್ ಹಿಂದೇನೇ ನಾನೂ ಆ ಆಫೀಸಿನ ಗೇಟಿನ ತಂಕ ಬಂದಿದ್ದೆ ಕಣಕ್ಕ. ನಿನಗೆ ನೆಪ್ಪೈತೋ ಇಲ್ವೋ. ಒಂದು ಹುಳಾನೂ ಒಳಕ್ಕೆ ಬಿಡಬ್ಯಾಡಿ ಅಂತ ನಿನಗಿಂತ ಜೋರಾಗಿ ಕೂಗಿದ್ದೆ. ಆಗ ಕೂಗಕ್ಕೆ ಒಂದು ಹಾವಿತ್ತು. ಈಗ ಯಾರ ಮೇಲೆ ಕೂಗ್ಲಿ ಹೇಳು? ಬಾಯಿ ತೆಗೆದ್ರೆ ನನ್ ದನಿಯೇ ನನಗೆ ಕೇಳ್ತೈತೆ."

ಅಂಜನಮ್ಮನ ಕೈ ನಿಂತಿತು. ಬೂದಿ ಮೆತ್ತಿದ ಕೈಯಲ್ಲೇ ಹೋಗಿ ಮಾರಕ್ಕನ ಪಕ್ಕ ಕಲ್ಲಿನ ಮೇಲೆ ಕುಳಿತಳು. ಅಳು ಯಾರದು ಮೊದಲು ಬಂತೋ ವನಜಾಕ್ಷಿ ನೋಡಲಿಲ್ಲ. ಕೊಡ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅಂಜನಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ. ಆ ಮರ ತೋರ್ಸು."

ಅವಳು ಕೊಠಡಿಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಫರ್ಜಾನಾ ಕುರ್ಚಿ ಎಳೆದು ಕೊಟ್ಟಳು. ಅಂಜನಮ್ಮ ಕೂರಲಿಲ್ಲ. ಗೋಡೆಯ ತುಂಬ ಬೆಳಗುತ್ತಿದ್ದ ಕವಲುಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ನನ್ ಮಗನ್ನ ತಗಂಡಿದ್ದು ಯಾವ್ದು?"

ವನಜಾಕ್ಷಿ ಒಂದು ಸಣ್ಣ ತುದಿಯನ್ನು ತೋರಿಸಿದಳು. ಅಕ್ಕ ಅದರ ಮೇಲೆ ಬೆರಳಿಟ್ಟಳು. ಉಗುರಿನಿಂದ ಕೆರೆದು ಕಿತ್ತುಬಿಡುವಳೇನೋ ಎನ್ನುವ ಹಾಗೆ ಒಂದು ಕ್ಷಣ ಒತ್ತಿದಳು. ಆಮೇಲೆ ಆ ರೆಂಬೆಯ ಗೆರೆಯ ಮೇಲೆ ಬೆರಳನ್ನು ನಿಧಾನ ಕೆಳಕ್ಕೆ ಎಳೆದುಕೊಂಡು ಬಂದಳು. ಕವಲು ಕೂಡಿದಲ್ಲಿ ನಿಂತಳು.

"ಇಲ್ಲಿಗೆ ಉಡ ಸೇರ್ಕಂತದಾ?"

"ಹೂಂ. ಓತಿಕ್ಯಾತಾನೂ."

"ಇಷ್ಟು ಹತ್ರ ಇದ್ದೂ ಒಂದು ಕೊಲ್ತದೆ, ಒಂದು ಕಾಯ್ತದೆ."

"ಹಾವು ಇಲಿ ಹಿಡೀತದೆ ಅಕ್ಕ, ಅದೂ ಒಂಥರ ಕಾಯೋದೇ. ಒಂದೇ ಕೊಂಬೆ ಅಂದ್ರೆ ಒಂದೇ ತಾಯಿ ಮಕ್ಕಳು ಅಂತ ಅಷ್ಟೆ. ಒಂದೇ ಗುಣ ಅಂತಲ್ಲ. ಅದನ್ನ ನಾನೇ ಪಾವನಿಗೆ ಹೇಳಿಕೊಟ್ಟು ನಾನೇ ಮರೆತೆ."

ಅಂಜನಮ್ಮ ಬೆರಳು ತೆಗೆದಳು. ಪರದೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು: "ನೀನು ಕೊಟ್ಟ ಮಾತು ನಿನಗೇ ವಾಪಸ್ ಕೊಡ್ತಾ ಇದ್ದೀನಿ. ಇಲ್ಲಿವರೆಗೆ ಬಂದು ಕೊಡ್ಬೇಕು ಅನ್ನಿಸ್ತು. ತೆರಿ."

"ಅಕ್ಕ, ಪೂರ್ತಿ ಯೋಚನೆ ಮಾಡಿದ್ದೀಯಾ?"

"ಯೋಚನೆ ಮಾಡ್ತಾ ಕುಂತ್ರೆ ಬ್ಯಾಡ ಅಂತೀನಿ. ತೆರೀ ಅಂದ್ನಲ್ಲ."

ವನಜಾಕ್ಷಿ ಗುರುತನ್ನು ಬುಡದಿಂದ ಎತ್ತಿ, ಹಾವುಗಳ ರೆಂಬೆಗೆ ಹಿಂದಿರುಗಿಸಿದಳು. ಗುರುತು ಸಿಗದ ಜೀವಿಗೆ ದಾರಿ ಬಿಡಬೇಕು ಎಂದೂ ಬರೆದಳು. ಯಾವ ಗಂಟೆಯೂ ಮೊಳಗಲಿಲ್ಲ. ಬಯಲಿನ ನಕ್ಷೆಯ ಮೇಲೆ ಗೂಟಗಳ ಚುಕ್ಕಿಗಳು ಒಂದಾದ ಮೇಲೊಂದು ಬಣ್ಣ ಬದಲಿಸುತ್ತಾ ಊರನ್ನು ಒಂದು ಸುತ್ತು ಹಾಕಿ ಬಂದವು. ಫರ್ಜಾನಾ ಮೆಲ್ಲಗೆ "ಯಾ ಅಲ್ಲಾ" ಎಂದಳು.

ಮೂವರೂ ನೋಡುತ್ತಾ ಕುಳಿತರು. ಹೊರಗೆ ಬಿಸಿಲು ಏರುತ್ತಿತ್ತು. ಹೊತ್ತು ಸ್ವಲ್ಪ ಕಳೆದ ಮೇಲೆ ಮೂಡಣ ಸಾಲಿನ ಗೂಟವೊಂದು ಅಕ್ಷರ ಮೂಡಿಸಿತು. 'ಉಡ. ಬಿಡಲಾಗಿದೆ.'

ಫರ್ಜಾನಾ ಚಪ್ಪಾಳೆ ತಟ್ಟಲು ಕೈ ಎತ್ತಿದವಳು, ಅಂಜನಮ್ಮನ ಮುಖ ನೋಡಿ ಇಳಿಸಿಕೊಂಡಳು. ಅಂಜನಮ್ಮ ಆ ಚುಕ್ಕಿಯನ್ನೇ ನೋಡುತ್ತಿದ್ದಳು. ಅವಳ ತುಟಿಯಂಚು ಸಡಿಲವಾದ ಹಾಗಿತ್ತು.

ಆಮೇಲೆ ಪಡುವಣದಲ್ಲಿ ಇನ್ನೊಂದು ಚುಕ್ಕಿ ಮಿನುಗಿತು. 'ಗುರುತು ಸಿಗಲಿಲ್ಲ. ಬಿಡಲಾಗಿದೆ.'

"ಅದೇನು?" ಎಂದಳು ಅಂಜನಮ್ಮ.

ವನಜಾಕ್ಷಿಗೆ ಓತಿಕ್ಯಾತ ಎನ್ನಬೇಕೆನಿಸಿತು. ಬಹುತೇಕ ಅದೇ ಆಗಿರುತ್ತಿತ್ತು. "ಗೊತ್ತಿಲ್ಲ ಅಕ್ಕ. ಸುಟ್ಟ ಧೂಳು. ಉಡ ಇರಬಹುದು, ಓತಿ ಇರಬಹುದು." ಆಮೇಲೆ ಸೇರಿಸಿದಳು, "ಅದೂ ಇರಬಹುದು."

"ಯಾವ ಕಡೆ?"

"ನಮ್ಮ ಬೀದಿ ಕಡೆ."

ಅಂಜನಮ್ಮ ಕಣ್ಣು ಮುಚ್ಚಿಕೊಂಡಳು. ಈಗ ಕೂಗುತ್ತಾಳೆ, ಮುಚ್ಚು ಎನ್ನುತ್ತಾಳೆ ಎಂದುಕೊಂಡ ವನಜಾಕ್ಷಿಯ ಕೈ ತಾನಾಗಿ ಮೇಜಿನ ಕಡೆಗೆ ಸರಿಯಿತು. ಅಂಜನಮ್ಮ ಕಣ್ಣು ತೆರೆದು ಆ ಕೈಯನ್ನು ನೋಡಿದಳು. ಬೇಡವೆಂದು ತಲೆ ಅಲ್ಲಾಡಿಸಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು.

"ಹಂಗಾರೆ ನಾನು ಹೊರಡ್ತೀನಿ. ಬೀದಿಯೋರಿಗೆ ಹೇಳ್ಬೇಕು. ಇವತ್ತಿಂದ ಕಣ್ಣು ಬಿಟ್ಕಂಡು ಓಡಾಡ್ಬೇಕು ಅಂತ. ಮರೆತೇ ಹೋಗೈತೆ ಎಲ್ಲರಿಗೂ."

ಬಾಗಿಲ ಬಳಿ ಬೋರ್ಡು ನಿಲ್ಲಿಸಲು ತಂದಿಟ್ಟಿದ್ದ ಬಿದಿರು ಗಳುವೊಂದು ಒರಗಿತ್ತು. ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು. "ಇದು ತಗಂತೀನಿ ಕಣಮ್ಮ," ಎಂದು ಫರ್ಜಾನಾಳಿಗೆ ಹೇಳಿ ಹೊರಟಳು.

ವನಜಾಕ್ಷಿ ಕಿಟಕಿಗೆ ಬಂದಳು. ಫಲಕಗಳ ಸಾಲಿನ ನಡುವಿನ ದಾರಿಯಲ್ಲಿ ಅಕ್ಕ ಒಬ್ಬಳೇ ನಡೆಯುತ್ತಿದ್ದಳು. ಆತುರವಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ಗಳುವಿನಿಂದ ನೆಲವನ್ನು ಬಡಿಯುತ್ತಿದ್ದಳು. ದಾರಿಯಲ್ಲಿ ಮನುಷ್ಯರು ಬರುತ್ತಿದ್ದಾರೆ, ಸರಿದುಕೋ ಎಂದು ಕಾಣದ ಜೀವಕ್ಕೆ ಮೊದಲೇ ತಿಳಿಸುವಂತೆ.